ಕೊರಿಯಾದ ಹದಿಹರೆಯದವರ ಸಿಹಿಪಾನೀಯ, ನಿದ್ದೆ, ತಿಂಡಿ: ಸಮೀಕ್ಷೆಯ ದತ್ತಾಂಶ ಓದುವುದು ಹೇಗೆ?

ಪ್ರಶ್ನೆ

ದಕ್ಷಿಣ ಕೊರಿಯಾದ ಮಿಡ್ಲ್ ಸ್ಕೂಲ್, ಹೈಸ್ಕೂಲ್ ಮಕ್ಕಳ ಜೀವನಶೈಲಿಗೂ ಸಿಹಿಪಾನೀಯಕ್ಕೂ ಇರುವ ನಂಟಿನ ಮೇಲೆ ಸ್ನಾತಕೋತ್ತರ ಪ್ರಬಂಧ. ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ 2005ರಿಂದ ಪ್ರತಿ ವರ್ಷ ನಡೆಸುವ ಹದಿಹರೆಯದವರ ಆರೋಗ್ಯ ವರ್ತನೆಯ ಆನ್‌ಲೈನ್ ಸಮೀಕ್ಷೆಯ ಕಚ್ಚಾ ದತ್ತಾಂಶ ಕೈಯಲ್ಲಿದೆ. ಮೂರು ಗೊಂದಲ. ‘ವಾರಕ್ಕೆ 3 ಬಾರಿ’ ಎಂಬ ಉತ್ತರವನ್ನು ಸಕ್ಕರೆಯ ಗ್ರಾಂಗೆ ತಿರುಗಿಸಬಹುದೇ? ಶಾಲೆಯೊಳಗೆ ಇವುಗಳ ಮಾರಾಟಕ್ಕೆ ಇಷ್ಟೆಲ್ಲ ನಿರ್ಬಂಧ ಇದ್ದರೂ ಮಕ್ಕಳು ಕುಡಿಯುವುದು ಎಲ್ಲಿ? ನಿದ್ದೆಗೆಟ್ಟು ಕುಡಿಯುತ್ತಾರೋ, ಕುಡಿದು ನಿದ್ದೆಗೆಡುತ್ತಾರೋ?

ಉತ್ತರ 1

ಗ್ರಾಂಗೆ ತಿರುಗಿಸಲು ಹೋಗಬೇಡಿ. ಕಳೆದ 7 ದಿನಗಳಲ್ಲಿ ಎಷ್ಟು ಸಲ ಕುಡಿದಿರಿ ಎಂದಷ್ಟೇ ಅಲ್ಲಿ ಕೇಳುತ್ತಾರೆ, ಎಷ್ಟು ಕುಡಿದಿರಿ ಎಂದಲ್ಲ. 250 ಮಿ.ಲೀ. ಕ್ಯಾನೂ ಒಂದು ಸಲ, 500 ಮಿ.ಲೀ. ಬಾಟಲಿಯೂ ಒಂದು ಸಲ. ಕೋಲಾದಲ್ಲಿ 100 ಮಿ.ಲೀ.ಗೆ ಸುಮಾರು 11 ಗ್ರಾಂ ಸಕ್ಕರೆ. ಅಂದರೆ ಒಂದೇ ಉತ್ತರದ ಹಿಂದೆ 27 ಗ್ರಾಂ ಇರಬಹುದು, 55 ಗ್ರಾಮೂ ಇರಬಹುದು. ಗ್ರಾಂ ಲೆಕ್ಕ ಬೇಕೇಬೇಕೆಂದರೆ 1998ರಲ್ಲಿ ಶುರುವಾದ ರಾಷ್ಟ್ರೀಯ ಆರೋಗ್ಯ ಮತ್ತು ಪೋಷಣಾ ಸಮೀಕ್ಷೆ ನೋಡಿ, ಅದರಲ್ಲಿ ಹಿಂದಿನ 24 ಗಂಟೆಯ ಆಹಾರದ ವಿವರ ಇದೆ. ಆದರೆ ಅದರ ಮಕ್ಕಳೇ ಬೇರೆ, ಇದರ ಮಕ್ಕಳೇ ಬೇರೆ. ಎರಡನ್ನೂ ಜೋಡಿಸಲಾಗದು.

ಹೆಚ್ಚಿನವರು ಎಡವುವುದು ಸಮೀಕ್ಷೆಯ ತೂಕದಲ್ಲಿ, ಅಂದರೆ ಒಬ್ಬರ ಉತ್ತರ ಎಷ್ಟು ಮಕ್ಕಳ ಪರವಾಗಿ ನಿಲ್ಲುತ್ತದೆ ಎಂಬ ಸಂಖ್ಯೆಯಲ್ಲಿ. ಇದು ಸುಮಾರು 800 ಶಾಲೆಗಳಿಂದ ತರಗತಿ ತರಗತಿಯನ್ನೇ ಆರಿಸಿದ ಮಾದರಿ. ಒಂದೇ ತರಗತಿಯ ಮಕ್ಕಳು ಒಂದೇ ಅಂಗಡಿಗೆ ಹೋಗುತ್ತಾರೆ, ಒಂದೇ ಹೊತ್ತಿಗೆ ಬಿಡುವು ಸಿಗುತ್ತದೆ. ಅವರ ಉತ್ತರಗಳು ಸ್ವತಂತ್ರ ಅಲ್ಲ. ಕಡತದಲ್ಲಿರುವ ಸ್ಟ್ರಾಟಾ (ಮಾದರಿ ಆರಿಸುವ ಮೊದಲು ಮಾಡಿದ ವಿಭಾಗಗಳು), ಕ್ಲಸ್ಟರ್ (ಒಟ್ಟಾಗಿ ಆರಿಸಿದ ಗುಂಪು), ತೂಕ ಮೂರನ್ನೂ ಕೊಟ್ಟು ಮೊದಲು ಪೂರ್ತಿ ವಿನ್ಯಾಸ ಕಟ್ಟಿ, ಆಮೇಲೆ ಉಪಗುಂಪು ತೆಗೆಯಿರಿ. ‘ಹುಡುಗಿಯರು ಮಾತ್ರ ಸಾಕು’ ಎಂದು ಮೊದಲೇ ಸಾಲು ಅಳಿಸಿದರೆ ಪ್ರಮಾಣಿತ ದೋಷ (ಅಂದಾಜು ಎಷ್ಟು ಅತ್ತಿತ್ತ ಆಗಬಹುದು ಎಂಬ ಅಳತೆ) ತಪ್ಪಾಗುತ್ತದೆ. ಪ್ರೋಗ್ರಾಂ ಎಚ್ಚರಿಕೆಯನ್ನೂ ಕೊಡುವುದಿಲ್ಲ.

ವರ್ಷ ವರ್ಷಕ್ಕೆ ಹೋಲಿಸುವಾಗ ಆಯಾ ವರ್ಷದ ಪ್ರಶ್ನಾವಳಿ ತೆರೆದಿಟ್ಟುಕೊಳ್ಳಿ, ಪಾನೀಯದ ಪ್ರಶ್ನೆಗಳ ವ್ಯಾಪ್ತಿ ಬದಲಾಗಿದೆ. ಜೊತೆಗೆ 2019ರ ಸಮೀಕ್ಷೆ ಜೂನ್–ಜುಲೈಯಲ್ಲಿ ನಡೆದರೆ, 2020ರದು ಕೋವಿಡ್‌ನಿಂದಾಗಿ ಆಗಸ್ಟ್‌ನಿಂದ ನವೆಂಬರ್‌ವರೆಗೆ ಎಳೆಯಿತು. ತಂಪು ಪಾನೀಯಕ್ಕೆ ಈ ವ್ಯತ್ಯಾಸ ಸಣ್ಣದಲ್ಲ.

ಉತ್ತರ 2

ಎರಡನೇ ಗೊಂದಲಕ್ಕೆ: ಶಾಲೆ ಬಿಟ್ಟ ಮೇಲಿನ ಹೊತ್ತನ್ನು ನೋಡಿ. ಶಾಲೆ ಮುಗಿಸಿ ಹಾಗ್ವಾನ್, ಅಂದರೆ ಖಾಸಗಿ ಟ್ಯೂಷನ್ ಕೇಂದ್ರ. ಸೋಲ್‌ನಲ್ಲಿ ಅವು ರಾತ್ರಿ 10ಕ್ಕೆ ಬಾಗಿಲು ಹಾಕಬೇಕೆಂಬ ನಿಯಮವಿದೆ. ಶಾಲೆ, ಹಾಗ್ವಾನ್ ನಡುವಿನ ತುಸು ಬಿಡುವಿನಲ್ಲಿ ಊಟ ಅಂದರೆ ಕನ್ವೀನಿಯನ್ಸ್ ಸ್ಟೋರಿನ ಕಪ್ ರಾಮ್ಯೊನ್ (ದಿಢೀರ್ ನೂಡಲ್ಸ್), ತ್ರಿಕೋನ ಗಿಂಬಾಪ್ (ಕಡಲಕಳೆ ಸುತ್ತಿದ ಅನ್ನ), ಪಕ್ಕದಲ್ಲೊಂದು ಪಾನೀಯ. ‘1+1’, ‘2+1’ (ಒಂದು ಅಥವಾ ಎರಡು ಕೊಂಡರೆ ಇನ್ನೊಂದು ಉಚಿತ) ಚೀಟಿ ಅಂಟಿಸಿದ ಬಾಟಲಿಗಳು ಕಣ್ಣೆದುರೇ ಇರುತ್ತವೆ. ಫಾಸ್ಟ್‌ಫುಡ್, ತಡವಾದ ಊಟ, ಕಡಿಮೆ ನಿದ್ದೆ, ಸಿಹಿಪಾನೀಯ ಒಟ್ಟೊಟ್ಟಿಗೆ ಕಾಣುವುದಕ್ಕೆ ಈ ದಿನಚರಿಯೂ ಒಂದು ಕಾರಣ.

ಕಾನೂನಿನಲ್ಲೂ ಕಿಂಡಿಗಳಿವೆ. ಮಕ್ಕಳ ಆಹಾರ ಸುರಕ್ಷತೆಯ ವಿಶೇಷ ಕಾಯ್ದೆ 2009ರಲ್ಲಿ ಜಾರಿಗೆ ಬಂತು. ಶಾಲೆಯಿಂದ 200 ಮೀಟರ್ ಸುತ್ತ ‘ಗ್ರೀನ್ ಫುಡ್ ಜೋನ್’. ಆದರೆ ಆ ವಲಯದಲ್ಲಿ ‘ಹೆಚ್ಚು ಕ್ಯಾಲೊರಿ, ಕಡಿಮೆ ಪೋಷಣೆ’ಯ ತಿನಿಸುಗಳ ಮಾರಾಟದ ನಿರ್ಬಂಧ ಇರುವುದು ‘ಉತ್ತಮ ಮಾರಾಟಗಾರ’ ಎಂದು ಗುರುತಿಸಿಕೊಂಡ ಅಂಗಡಿಗಳಿಗೆ. ಉಳಿದವು ಮಾರಬಹುದು. ಇನ್ನು ಆ ‘ಹೆಚ್ಚು ಕ್ಯಾಲೊರಿ, ಕಡಿಮೆ ಪೋಷಣೆ’ಯ ವ್ಯಾಖ್ಯಾನ: ಒಂದು ಸರ್ವಿಂಗ್‌ನಲ್ಲಿ ಸಕ್ಕರೆ 17 ಗ್ರಾಂ ಮೀರಿ, ಪ್ರೋಟೀನ್ 2 ಗ್ರಾಂಗಿಂತ ಕಡಿಮೆಯಿದ್ದರೆ ಸಿಕ್ಕಿಬೀಳುತ್ತದೆ. ಹಾಲು ಬೆರೆತ ಸಿಹಿಪಾನೀಯ ಪ್ರೋಟೀನ್ ತೋರಿಸಿ ತಪ್ಪಿಸಿಕೊಳ್ಳುತ್ತದೆ, ಸಕ್ಕರೆ 34 ಗ್ರಾಂ ದಾಟುವವರೆಗೂ. ಕೋಲಾ ಬಿಟ್ಟು ಸಿಹಿ ಹಾಲಿಗೆ ಹೊರಳಿದವರನ್ನು ‘ಸುಧಾರಿಸಿದವರು’ ಎಂದು ಎಣಿಸಿಬಿಡಬೇಡಿ.

ಉತ್ತರ 3

ನಿದ್ದೆಯ ವಿಷಯ. ಇದು ಒಂದೇ ಹೊತ್ತಿನ ಚಿತ್ರ, ಯಾವುದು ಮೊದಲು ಎಂದು ಈ ದತ್ತಾಂಶ ಹೇಳಲಾರದು. ‘ಪರಿಣಾಮ’ ಎಂಬ ಪದ ಬಿಟ್ಟು ‘ಸಂಬಂಧ’ ಎಂದೇ ಬರೆಯಿರಿ. ಎನರ್ಜಿ ಡ್ರಿಂಕ್ ಪ್ರಶ್ನೆ ಪ್ರತ್ಯೇಕವಾಗಿರುವ ವರ್ಷ ಆರಿಸಿಕೊಂಡರೆ ಒಳ್ಳೆಯದು. ಕೆಫೀನ್ ಮತ್ತು ಸಕ್ಕರೆಯನ್ನು ಒಂದೇ ಡಬ್ಬಿಗೆ ಹಾಕಿದರೆ ನಿದ್ದೆಯ ಫಲಿತಾಂಶಕ್ಕೆ ಅರ್ಥವಿಲ್ಲ. ಕೊರಿಯಾದಲ್ಲಿ ಮಕ್ಕಳ ಕೆಫೀನ್ ಮಿತಿ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 2.5 ಮಿ.ಗ್ರಾಂ. 50 ಕಿಲೋ ಇದ್ದರೆ 125. ಒಂದು ದೊಡ್ಡ ಕ್ಯಾನಿನಲ್ಲೇ 100 ಮಿ.ಗ್ರಾಂ ಇರುತ್ತದೆ. ಮೈಯಲ್ಲಿನ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ರಾತ್ರಿ 9ಕ್ಕೆ ಕುಡಿದವರ ಮೈಯಲ್ಲಿ ನಡುರಾತ್ರಿ ಕಳೆದು 2 ಗಂಟೆಗೂ 50 ಮಿ.ಗ್ರಾಂ ಉಳಿದಿರುತ್ತದೆ. 2018ರ ಸೆಪ್ಟೆಂಬರ್‌ನಿಂದ ಶಾಲೆಯೊಳಗೆ ಕಾಫಿಯನ್ನೇ ಮಾರುವಂತಿಲ್ಲ, ಆದರೆ ರಾತ್ರಿ 9ಕ್ಕೆ ಯಾರೂ ಶಾಲೆಯ ಅಂಗಡಿಯಲ್ಲಿ ಕೊಳ್ಳುವುದಿಲ್ಲವಲ್ಲ.

ವ್ಯಾಯಾಮದ ಸಂಖ್ಯೆ ತಲೆಕೆಳಗಾಗಿ ಬಂದರೆ, ಅಂದರೆ ಹೆಚ್ಚು ವ್ಯಾಯಾಮ ಮಾಡುವವರೇ ಹೆಚ್ಚು ಸಿಹಿಪಾನೀಯ ಕುಡಿಯುವಂತೆ ಕಂಡರೆ ಗಾಬರಿ ಬೇಡ. ದಿನಕ್ಕೆ 60 ನಿಮಿಷ ಮೈದಣಿಸುವವರು ಬಾಯಾರಿಕೆಗೆ ಸ್ಪೋರ್ಟ್ಸ್ ಡ್ರಿಂಕ್ ಹಿಡಿಯುತ್ತಾರೆ. ಹುಡುಗ, ಹುಡುಗಿಯರನ್ನು ಬೇರೆಬೇರೆಯಾಗಿ ವಿಶ್ಲೇಷಿಸಿ ನೋಡಿ.

ಪ್ರಶ್ನೆ ಕೇಳಿದವರು

ಕೋಲಾ ಕ್ಯಾನಿನ ಲೇಬಲ್‌ನಲ್ಲಿ ಸಕ್ಕರೆ ‘27%’ ಎಂದಿರುತ್ತದಲ್ಲ, ಅದನ್ನು ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯ 27% ಎಂದು ತೆಗೆದುಕೊಳ್ಳಬಹುದೇ?

ಉತ್ತರ 3

ಇಲ್ಲ. ಕೊರಿಯಾದ ಲೇಬಲ್‌ನ ಆಧಾರ ದಿನಕ್ಕೆ 100 ಗ್ರಾಂ ಒಟ್ಟು ಸಕ್ಕರೆ, ಹಾಲಿನ ಲ್ಯಾಕ್ಟೋಸ್, ಹಣ್ಣಿನ ಸಕ್ಕರೆ ಎಲ್ಲ ಸೇರಿ. ವಿಶ್ವ ಆರೋಗ್ಯ ಸಂಸ್ಥೆಯದು ಮುಕ್ತ ಸಕ್ಕರೆ (ಬೆರೆಸಿದ ಸಕ್ಕರೆ ಮತ್ತು ಜೇನು, ಹಣ್ಣಿನ ರಸದಲ್ಲಿನ ಸಕ್ಕರೆ), ಒಟ್ಟು ಶಕ್ತಿಯ 10%ಕ್ಕಿಂತ ಕಡಿಮೆ. 2000 ಕ್ಯಾಲೊರಿಗೆ ಅದು 50 ಗ್ರಾಂ. ಕೋಲಾದ 27% ಅಲ್ಲಿ ಅರ್ಧಕ್ಕೂ ಮಿಗಿಲಾಗುತ್ತದೆ. ಸಿಹಿ ಹಾಲಿಗೆ ಈ ಗುಣಾಕಾರ ಮಾಡಬೇಡಿ, ಲ್ಯಾಕ್ಟೋಸ್ ಕಳೆಯದೆ ಲೆಕ್ಕ ಕೂಡುವುದಿಲ್ಲ.