ಹಳೇ ಹಾಯಿದೋಣಿಯ ಎತ್ತುವ ಕೀಲ್ ರಿಪೇರಿ: ಮಾಡಿಸಿದವರು ಯಾರಾದರೂ ಇದ್ದೀರಾ?

ಕೇಳಿದ್ದು, ಉಡುಪಿಯಿಂದ

ನನ್ನ ಹತ್ತಿರ 19 ಅಡಿಯ ಹಳೇ ಫೈಬರ್ ಹಾಯಿದೋಣಿ ಒಂದು ಉಂಟು. ಗೋವಾದಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಸುವರ್ಣಾ ನದಿಯಲ್ಲಿ, ಕೋಡಿಬೆಂಗ್ರೆ ಕಡೆ ಕಟ್ಟುತ್ತೇನೆ. ಅಡಿಯಲ್ಲಿ ಕಬ್ಬಿಣದ ಕೀಲ್ ಪ್ಲೇಟ್, ಅಂದರೆ ದೋಣಿ ಗಾಳಿಗೆ ಬದಿಗೆ ಜಾರದ ಹಾಗೆ ನೀರಿನೊಳಗೆ ಇಳಿದಿರುವ ಹಲಗೆ. ಮುಂದಿನ ತುದಿಗೆ ಒಂದು ಪಿನ್, ಹಿಂದಿನ ತುದಿಗೆ ವೈರ್ ರೋಪ್. ಕೈ ವಿಂಚ್ ತಿರುಗಿಸಿದರೆ ಪ್ಲೇಟ್ ಮೇಲಕ್ಕೆ ಮಡಚಿ ದೋಣಿಯೊಳಗಿನ ಕಿರಿದಾದ ಫೈಬರ್ ಪೆಟ್ಟಿಗೆಯೊಳಗೆ ಹೋಗುತ್ತದೆ. ಅಳಿವೆಯ ಹತ್ತಿರ ಮರಳು ದಿಬ್ಬ ಜಾಸ್ತಿ, ಎತ್ತುವ ಕೀಲ್ ಇಲ್ಲದೆ ಅಲ್ಲಿ ನಡೆಯುವುದೇ ಇಲ್ಲ.

ಈಗ ಅದು ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿದೆ. ಇಳಿಸಿದರೆ ಅಲೆಗೆ ಅಲ್ಲಾಡಿ ಟಕ್ ಟಕ್ ಸದ್ದು. ಪಿನ್ ಹತ್ತಿರ ಒಳಗೆ ನೀರು ಜಿನುಗುತ್ತದೆ. ಪ್ಲೇಟಿನ ತುಕ್ಕು ಪದರ ಪದರವಾಗಿ ಏಳುತ್ತಿದೆ. ಒಬ್ಬರು ಪ್ಲೇಟ್ ಬಿಸಾಡಿ ಹೊಸತು ಮಾಡಿಸು ಎನ್ನುತ್ತಾರೆ. ಇನ್ನೊಬ್ಬರು ಉಜ್ಜಿ ಪೇಂಟ್ ಹೊಡೆದರೆ ಸಾಕು ಎನ್ನುತ್ತಾರೆ. ಮೇ ತಿಂಗಳಲ್ಲಿ ದೋಣಿ ದಡ ಹತ್ತಿಸಬೇಕು. ಎಲ್ಲಿಂದ ಶುರು ಮಾಡಲಿ?

ತಣ್ಣೀರುಬಾವಿಯಿಂದ

ನನ್ನದು ನಿಮ್ಮದಕ್ಕಿಂತ ಸ್ವಲ್ಪ ಚಿಕ್ಕದು, ಕೀಲ್ ವ್ಯವಸ್ಥೆ ಅದೇ. ಇಡೀ ಕೆಲಸ ಒಮ್ಮೆ ಮಾಡಿಸಿದ್ದೇನೆ, ಹಾಗಾಗಿ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ತುಕ್ಕು ನೋಡಿ ಹೆದರಬೇಡಿ ಮಾರಾಯ್ರೆ. ಕಬ್ಬಿಣ ತುಕ್ಕಾದರೆ ಉಬ್ಬುತ್ತದೆ. ಒಂದು ಮಿಲಿಮೀಟರ್ ಲೋಹ ಹೋದದ್ದು ಹಲವು ಮಿಲಿಮೀಟರ್ ತುಕ್ಕಾಗಿ ಕಾಣುತ್ತದೆ. ನೋಡಲು ಭಯಂಕರ, ಕೆರೆದರೆ ಒಳಗೆ ಗಟ್ಟಿ ಪ್ಲೇಟ್ ಇರುತ್ತದೆ. ಅರ್ಧಕ್ಕೆ ಸಿಕ್ಕಿಕೊಳ್ಳುವುದು ಕೂಡ ಬಹುಶಃ ಈ ಉಬ್ಬಿನಿಂದಲೇ, ಜೊತೆಗೆ ಪೆಟ್ಟಿಗೆಯೊಳಗೆ ಬೆಳೆದ ಚಿಪ್ಪು. ತಲೆ ಕೆಡಿಸಿಕೊಳ್ಳಬೇಕಾದದ್ದು ಆ ಟಕ್ ಟಕ್‌ಗೆ. ಪಿನ್ ಸವೆದಿದೆ, ಇಲ್ಲವೇ ಪಿನ್ ಕೂರುವ ತೂತು ಸವೆದಿದೆ, ಹೆಚ್ಚಾಗಿ ಎರಡೂ. ಇಡೀ ಪ್ಲೇಟ್ ನೇತಾಡುವುದು ಆ ಒಂದು ಪಿನ್ ಮೇಲೆ. ಪೇಂಟ್ ಕೊನೆಯ ಕೆಲಸ, ಪಿನ್ ಮೊದಲ ಕೆಲಸ.

ಬಿಚ್ಚುವ ಮೊದಲು ತೂಕ ಲೆಕ್ಕ ಹಾಕಿ. 4 ಅಡಿ ಉದ್ದ, 2 ಅಡಿ ಅಗಲ, 12 ಮಿ.ಮೀ. ದಪ್ಪದ ಉಕ್ಕಿನ ಪ್ಲೇಟ್ ಅಂದರೆ ಹತ್ತಿರ ಹತ್ತಿರ 70 ಕಿಲೋ. ಎರಕದ ಕಬ್ಬಿಣದ ಕೀಲ್ ಆದರೆ ಇನ್ನೂ ಜಾಸ್ತಿ. ಅಮೆರಿಕದ ಕ್ಯಾಟಲೀನಾ 22 ದೋಣಿಯ ಎರಕದ ಕೀಲ್ ಸುಮಾರು 250 ಕಿಲೋ ತೂಗುತ್ತದೆ. ಪಿನ್ ಹೊರಗೆ ಬಂದ ಕ್ಷಣ ಅಷ್ಟೂ ಭಾರ ಕೆಳಗೆ. ಅಡಿಯಲ್ಲಿ ಜನ ಇರುವಾಗ ಪಿನ್ ಹೊಡೆಯಲೇಬಾರದು.

ನಮ್ಮ ಕಡೆ ದೊಡ್ಡ ತಲೆನೋವು ಅಂದರೆ ಪ್ಲೇಟ್ ಇಳಿಯಲು ಜಾಗ ಎಲ್ಲಿ ಎನ್ನುವುದು. ದೋಣಿಯ ಅಡಿ ಗುಂಡಿ ತೋಡುವ ಅಂತ ಎಲ್ಲರೂ ಹೇಳುತ್ತಾರೆ. ನದಿ ಬದಿಯ ಹೊಯಿಗೆಯಲ್ಲಿ ತೋಡಿದರೆ ಉಬ್ಬರಕ್ಕೆ ನೀರು ತುಂಬುತ್ತದೆ. ಮನೆ ಅಂಗಳದಲ್ಲಿ ತೋಡಲು ಹೋದರೆ ಗಟ್ಟಿ ಮುರಕಲ್ಲು (ಕೆಂಪು ಕಲ್ಲು). ಕ್ರೇನ್ ತರಿಸಿ ಎತ್ತಿ ಹಿಡಿಸಬಹುದು, ಆದರೆ ಪಿನ್ ಹಠ ಹಿಡಿದರೆ ಕ್ರೇನಿನ ಬಾಡಿಗೆ ಓಡುತ್ತಾ ಇರುತ್ತದೆ. ನನಗೆ ಸರಿ ಕಂಡದ್ದು ದೋಣಿಯನ್ನು ಬದಿಗೆ ಮಲಗಿಸುವುದು. ಮಾಸ್ಟ್ (ಹಾಯಿಕಂಬ), ಎಂಜಿನ್, ಬ್ಯಾಟರಿ ಎಲ್ಲ ತೆಗೆದು, ಹಳೇ ಟೈರು, ಅದರ ಮೇಲೆ ಹರಿದ ಬಲೆಯ ರಾಶಿ ಹಾಕಿ, ಚೈನ್ ಬ್ಲಾಕ್‌ನಲ್ಲಿ ನಿಧಾನಕ್ಕೆ ವಾಲಿಸಿದರೆ ಆಯಿತು. ಆಗ ಪ್ಲೇಟ್ ಅಡ್ಡಲಾಗಿ ಮಲಗಿರುತ್ತದೆ. ಕೆಳಗೆ ಹಲಗೆ ಕೊಟ್ಟು ಹೊರಗೆ ಜಾರಿಸಬಹುದು.

ಸಿಕ್ಕಿಕೊಂಡದ್ದನ್ನು ಬಿಡಿಸಲು ಸುತ್ತಿಗೆ ಬೇಡ. ಪೆಟ್ಟಿಗೆಯ ಫೈಬರ್ ಸೀಳಿದರೆ ಕೆಲಸ ದುಪ್ಪಟ್ಟು. ತೆಳು ರೀಪು ತೂರಿಸಿ ಚಿಪ್ಪು ಕೆರೆಯಿರಿ, ಪ್ರೆಶರ್ ವಾಷರ್ ಹಿಡಿಯಿರಿ. ಮೇಲಿನಿಂದ ಪ್ಲೇಟಿನ ಅಂಚಿಗೆ ಮರದ ತುಂಡು ಇಟ್ಟು ಸಣ್ಣ ಬಾಟಲ್ ಜಾಕ್‌ನಲ್ಲಿ ಹದವಾಗಿ ಒತ್ತಿ, ಹಾಗೇ ರಾತ್ರಿ ಬಿಡಿ. ಎಷ್ಟೋ ಸಲ ಬೆಳಿಗ್ಗೆ ನೋಡುವಾಗ ಒಂದಿಂಚು ಜಾರಿರುತ್ತದೆ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ಪ್ಲೇಟಿನ ದಪ್ಪ ಎಷ್ಟು, ಪೆಟ್ಟಿಗೆಯ ಬಾಯಿ ಎಷ್ಟು ಅಗಲ, ಎರಡನ್ನೂ ವರ್ನಿಯರ್‌ನಲ್ಲಿ ಅಳೆದು ಬರೆದಿಡಿ. ಎರಡು ಬದಿಗೂ ನಾಲ್ಕು ಕೋಟ್ ಎಪಾಕ್ಸಿ, ನಡುವೆ ಪುಟ್ಟಿ ಅಂದರೆ ಒಂದೆರಡು ಮಿಲಿಮೀಟರ್ ಸುಲಭವಾಗಿ ಏರುತ್ತದೆ. ಚಂದ ಪೇಂಟ್ ಮಾಡಿದ ಪ್ಲೇಟ್ ವಾಪಸ್ ಪೆಟ್ಟಿಗೆಗೆ ಹೋಗುವುದೇ ಇಲ್ಲ! ಒಂದೊಂದು ಬದಿಗೆ ಎರಡು ಮೂರು ಮಿಲಿಮೀಟರ್ ಖಾಲಿ ಇರಲಿ. ಇಲ್ಲದಿದ್ದರೆ ಒಂದು ಹಿಡಿ ಹೊಯಿಗೆ ಸಾಕು ಮತ್ತೆ ಸಿಕ್ಕಿಕೊಳ್ಳಲು.

ಬೈಕಂಪಾಡಿಯಿಂದ, ಲೇತ್ ಕೆಲಸದವನು

ಮೇಲೆ ಹೇಳಿದ್ದು ಸರಿ. ಪ್ಲೇಟ್ ಎರಕದ್ದಾ, ಉಕ್ಕಿನದ್ದಾ ಅಂತ ಮೊದಲು ನೋಡಿಕೊಳ್ಳಿ, ಮುಂದಿನದೆಲ್ಲ ಅದರ ಮೇಲೆ ಹೋಗುತ್ತದೆ. ಮೂಲೆಯಲ್ಲಿ ಸಣ್ಣ ಡ್ರಿಲ್ ಹಾಕಿ. ಉಕ್ಕಾದರೆ ಸುರುಳಿ ಸುರುಳಿಯಾಗಿ ಚೂರು ಏಳುತ್ತದೆ. ಎರಕ ಆದರೆ ಕಪ್ಪು ಪುಡಿ ಉದುರುತ್ತದೆ, ಬೆರಳಲ್ಲಿ ಉಜ್ಜಿದರೆ ಪೆನ್ಸಿಲ್ ಸೀಸದ ಹಾಗೆ ಹತ್ತುತ್ತದೆ. ಗ್ರೈಂಡರ್ ಹಿಡಿದರೂ ಗೊತ್ತಾಗುತ್ತದೆ. ಉಕ್ಕಿನ ಕಿಡಿ ಉದ್ದ, ಬೆಳ್ಳಗೆ. ಎರಕದ್ದು ಗಿಡ್ಡ, ಕೆಂಪು.

ಉಕ್ಕಾದರೆ ಸವೆದ ತೂತಿಗೆ ವೆಲ್ಡಿಂಗ್ ತುಂಬಿಸಿ ಹೊಸದಾಗಿ ಬೋರ್ ಹೊಡೆಯಬಹುದು. ಎರಕಕ್ಕೆ ವೆಲ್ಡಿಂಗ್ ಬೇಡ. ಸರಿಯಾಗಿ ಬಿಸಿ ಮಾಡಿ, ನಿಕ್ಕಲ್ ರಾಡ್ ಹಾಕಿ, ನಿಧಾನಕ್ಕೆ ಆರಿಸದಿದ್ದರೆ ಪಕ್ಕದಲ್ಲೇ ಬಿರುಕು ಬಿಡುತ್ತದೆ. ತೂತನ್ನು ದೊಡ್ಡದು ಮಾಡಿ ಬುಶ್, ಅಂದರೆ ಪಿನ್ ಕೂರುವ ಬಳೆ, ಕೂರಿಸುವುದೇ ಒಳ್ಳೆಯದು. ಉಕ್ಕಿಗೂ ನನ್ನ ಕೇಳಿದರೆ ಬುಶ್ಶೇ.

ಬುಶ್ಶನ್ನು ಕಂಚಿನ ಜಾತಿಯ ಗನ್ ಮೆಟಲ್‌ನಲ್ಲಿ ಮಾಡಿಸಿ. ಬೋಟುಗಳ ಶಾಫ್ಟ್ ಬುಶ್ ಮಾಡುವ ಲೇತ್‌ನವರಿಗೆಲ್ಲ ಈ ಕೆಲಸ ಗೊತ್ತು, ಜಾಸ್ತಿ ವಿವರಿಸಬೇಕಾಗಿಲ್ಲ. ಪ್ಲಾಸ್ಟಿಕ್ ಬುಶ್ ಬೇಕಾದರೆ ಡೆಲ್ರಿನ್ ಕೇಳಿ, ನೈಲಾನ್ ಬೇಡ. ನೈಲಾನ್ ನೀರು ಕುಡಿದು ಉಬ್ಬಿ ಪಿನ್ನನ್ನು ಹಿಡಿದುಬಿಡುತ್ತದೆ. ಪ್ಲೇಟ್ ಅಕ್ಕಪಕ್ಕ ಅಲ್ಲಾಡದ ಹಾಗೆ ಪಿನ್ನಿನ ಎರಡೂ ಬದಿಗೆ ಎಚ್‌ಡಿಪಿಇ ವಾಷರ್ ಕೊಡಿ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಮಣೆ ಹೆಚ್ಚಾಗಿ ಅದೇ, ಹೋಲ್ ಸಾದಲ್ಲಿ ಕೊರೆದರೆ ಆಯಿತು.

ಪಿನ್ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಅಂತ ಧೈರ್ಯ ಮಾಡಬೇಡಿ. ಗಾಳಿ ಆಡದ ಒದ್ದೆ ಜಾಗದಲ್ಲಿ ಎಸ್‌ಎಸ್‌ಗೂ ಚುಕ್ಕೆ ಚುಕ್ಕೆ ಗುಳಿ ಬೀಳುತ್ತದೆ. ಪಿನ್ ತೆಗೆದು ಒರೆಸಿ ಉಗುರಿನಲ್ಲಿ ಎಳೆಯಿರಿ. ಉಗುರು ಎಲ್ಲಾದರೂ ತಡೆದರೆ ಹೊಸ ಪಿನ್, ಎಸ್‌ಎಸ್ 316ರಲ್ಲಿ. 304 ಉಪ್ಪು ನೀರಿಗೆ ಅಲ್ಲ. ಎಸ್‌ಎಸ್ ಆಗಲಿ ಗನ್ ಮೆಟಲ್ ಆಗಲಿ, ಉಪ್ಪು ನೀರಿನಲ್ಲಿ ಕಬ್ಬಿಣದ ಜೊತೆ ಇದ್ದರೆ ಸವೆಯುವುದು ಕಬ್ಬಿಣವೇ. ಅದಕ್ಕೆ ಪ್ಲೇಟಿಗೆ ಒಂದು ಜಿಂಕ್ ತುಂಡು ಬೋಲ್ಟ್ ಮಾಡಿ, ಕಬ್ಬಿಣದ ಬದಲು ಅದು ಸವೆಯುತ್ತದೆ. ಬೋಲ್ಟ್ ಮಾಡುವ ಜಾಗದಲ್ಲಿ ಪೇಂಟ್ ಇರಬಾರದು, ಜಿಂಕಿಗಂತೂ ಪೇಂಟ್ ತಾಗಿಸಲೇಬಾರದು.

ಮಲ್ಪೆಯಿಂದ, ಫೈಬರ್ ಕೆಲಸದವರು

ಪಿನ್ ಹತ್ತಿರದ ಜಿನುಗು ವಾಷರಿನದ್ದಾ, ಫೈಬರ್ ಬಿರುಕಿನದ್ದಾ ನೋಡಿ. ಬಿರುಕು ಆದರೆ ಸುಮ್ನೆ ಮೇಲೆ ಪುಟ್ಟಿ ಎಳೆದರೆ ಒಂದು ಸೀಸನ್ನೂ ನಿಲ್ಲುವುದಿಲ್ಲ. ಬಿರುಕಿನ ಸುತ್ತ ಇಳಿಜಾರಾಗಿ ಗ್ರೈಂಡ್ ಮಾಡಬೇಕು, ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ. 5 ಮಿ.ಮೀ. ದಪ್ಪ ಇದ್ದರೆ 60 ಮಿ.ಮೀ. ತನಕ. ನಾವು ದೋಣಿಗೆ ಹಾಕುವ ಪಾಲಿಯೆಸ್ಟರ್ ರೆಸಿನ್ ಹಳೇ ಫೈಬರಿಗೆ ಅಷ್ಟು ಹಿಡಿಯುವುದಿಲ್ಲ, ಈ ಜಾಗಕ್ಕೆ ಎಪಾಕ್ಸಿಯೇ ಬೇಕು. ಮೇ ತಿಂಗಳ ಸೆಕೆಗೆ ಎಪಾಕ್ಸಿ ಡಬ್ಬದಲ್ಲೇ ಹೊಗೆ ಬಿಡುತ್ತದೆ. ಸ್ಲೋ ಹಾರ್ಡನರ್ ತನ್ನಿ, ಸ್ವಲ್ಪ ಸ್ವಲ್ಪ ಕಲಸಿ, ಅಗಲ ಟ್ರೇಯಲ್ಲಿ ಹರಡಿ ಇಡಿ. ಕಾರಿನ ಪುಟ್ಟಿ ನೀರಿನ ಅಡಿಗೆ ಬೇಡ, ನೀರು ಹೀರುತ್ತದೆ. ಸಿಲಿಕೋನ್ ಕೂಡ ಬೇಡ. ಒಮ್ಮೆ ಹಾಕಿದ ಜಾಗಕ್ಕೆ ಮತ್ತೆ ಏನೂ ಹಿಡಿಯುವುದಿಲ್ಲ. ಪಿಯು (ಪಾಲಿಯುರೆಥೇನ್) ಸೀಲಂಟ್ ಹಾಕಿ.

ಉಳ್ಳಾಲದಿಂದ

ಜಿನುಗು ಎಲ್ಲಿಂದ ಅಂತ ಹುಡುಕಲು ನಮ್ಮ ಮನೆಯವರು ಮಾಡಿದ ಉಪಾಯ ಹೇಳುತ್ತೇನೆ. ಪ್ಲೇಟ್ ತೆಗೆದು ದೋಣಿಯನ್ನು ನೇರ ನಿಲ್ಲಿಸಿದ ಮೇಲೆ, ಪೆಟ್ಟಿಗೆಯ ಅಡಿ ಬಾಯಿಗೆ ಪ್ಲೈವುಡ್, ಫೋಮ್ ಒತ್ತಿ ಮುಚ್ಚಿ. ಮೇಲಿನಿಂದ ನೀರು ತುಂಬಿಸಿ. ದೋಣಿ ತೇಲುವಾಗ ಹೊರಗೆ ನೀರು ನಿಲ್ಲುವ ಗೆರೆಯ ತನಕ ಮಾತ್ರ, ಪೂರ್ತಿ ಬೇಡ. ದೋಣಿಯ ಒಳಗೆ ಪೆಟ್ಟಿಗೆಯ ಹೊರಮೈಯನ್ನು ಒಣಗಿಸಿ ರಂಗೋಲಿ ಪುಡಿ ಹಚ್ಚಿ ಕಾಯಿರಿ. ನೀರು ಬರುವ ಕಡೆ ಕಪ್ಪು ಗೆರೆ ಮೂಡುತ್ತದೆ. ನಮ್ಮದರಲ್ಲಿ ಎಲ್ಲರೂ ದೂರಿದ್ದು ಪಿನ್ನನ್ನು, ಗೆರೆ ಬಂದದ್ದು ಒಂದು ಗೇಣು ಹಿಂದೆ, ಪೆಟ್ಟಿಗೆ ಅಡಿಗೆ ಸೇರುವ ಮೂಲೆಯಲ್ಲಿ.

ತಣ್ಣೀರುಬಾವಿಯಿಂದ, ಮತ್ತೆ

ರಂಗೋಲಿ ಉಪಾಯ ಒಳ್ಳೆಯದುಂಟು, ನಾನು ಕೇಳಿರಲಿಲ್ಲ.

ಪೇಂಟ್ ಬಗ್ಗೆ ಹೇಳಲು ಬಾಕಿ ಇತ್ತು. ತುಕ್ಕು ಕೆರೆದ ಮೇಲೆ ಬಿಸಿ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಗುಳಿಗಳ ಒಳಗೆ ಉಪ್ಪು ಉಳಿದರೆ ಯಾವ ಪೇಂಟ್ ಹಾಕಿದರೂ ಗುಳ್ಳೆ ಏಳುತ್ತದೆ. ಆಮೇಲೆ ಗ್ರಿಟ್ ಬ್ಲಾಸ್ಟಿಂಗ್, ಅಂದರೆ ಗಾಳಿಯ ಒತ್ತಡದಲ್ಲಿ ಸಣ್ಣ ಹರಳು ಹೊಡೆಸಿ ಉಳಿದ ತುಕ್ಕು ತೆಗೆಸುವುದು. ಬ್ಲಾಸ್ಟ್ ಆದ ಪ್ಲೇಟ್ ಬೂದು ಬೆಳ್ಳಗೆ ಇರುತ್ತದೆ. ನಮ್ಮ ಹವೆಗೆ ಕೆಲವೇ ಗಂಟೆಯಲ್ಲಿ ಅರಿಶಿನ ಬಣ್ಣ ತಿರುಗುತ್ತದೆ. ಅದಕ್ಕೆ ಮೊದಲೇ ಪ್ರೈಮರ್ ಬೀಳಬೇಕು. ಹಾಗಾಗಿ ಬ್ಲಾಸ್ಟಿಂಗ್ ಮಾಡುವ ಶೆಡ್ಡಿನಲ್ಲೇ ಪ್ರೈಮರ್ ಹೊಡೆಸಿ, ಮನೆಗೆ ತಂದು ಹೊಡೆಯುವ ಅಂತ ಬೇಡ. ಲೋಹದ ಬಿಸಿ ಇಬ್ಬನಿ ಬೀಳುವ ಮಟ್ಟಕ್ಕಿಂತ 3 ಡಿಗ್ರಿಯಾದರೂ ಮೇಲೆ ಇರಬೇಕು ಎನ್ನುವುದು ಪೇಂಟಿನವರ ನಿಯಮ. ಇಲ್ಲಿ ಅದರ ಅರ್ಥ, ಬೆಳಿಗ್ಗೆ ಬಿಸಿಲು ಏರಿದ ಮೇಲೆ ಶುರು, ಮೂರು ಗಂಟೆಗೆ ಬಂದ್.

ಮಳೆಗಾಲದಲ್ಲಿ ಎಪಾಕ್ಸಿ ಪೇಂಟ್ ಬೇಡ. ಒದ್ದೆ ಗಾಳಿಗೆ ಮೇಲೆ ಜಿಡ್ಡು ಜಿಡ್ಡು ಪದರ ಬರುತ್ತದೆ, ಅದರ ಮೇಲಿನ ಕೋಟ್ ಏಳುತ್ತದೆ. ಮೇ ತಿಂಗಳಲ್ಲಿ ಬಿಚ್ಚಿ ಲೇತ್‌ಗೆ ಕೊಟ್ಟುಬಿಡಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗ ಎಲ್ಲ ಬೋಟು ದಡದಲ್ಲಿ, ಎಲ್ಲ ಲೇತ್‌ನವರೂ ಬಿಝಿ. ನಮ್ಮ ಒಂದು ಪಿನ್ ಯಾರಿಗೆ ಬೇಕು? ಬ್ಲಾಸ್ಟಿಂಗ್, ಪೇಂಟ್ ನವೆಂಬರಿಗೆ ಇಡಿ. ಸೀಸನ್ನಿನ ಮೊದಲ ತಿಂಗಳು ಹೋಗುತ್ತದೆ, ಹೋಗಲಿ.

ಕೀಲ್ ಇಳಿಸಿ ಲಾಕ್ ಬೋಲ್ಟ್ ಹಾಕುವ ವ್ಯವಸ್ಥೆ ನಿಮ್ಮದರಲ್ಲಿ ಇದ್ದರೆ ಆ ಬೋಲ್ಟಿನ ಥ್ರೆಡ್ಡನ್ನೂ (ತಿರುಪಿನ ಗೆರೆ) ನೋಡಿಸಿ. ಕಡಲಿಗೆ ಹೋಗುವಾಗ ಲಾಕ್ ಮಾಡಲೇಬೇಕು. ಗಾಳಿಗೆ ದೋಣಿ ಮಲಗಿದರೆ ಭಾರದ ಪ್ಲೇಟ್ ವಾಪಸ್ ಪೆಟ್ಟಿಗೆಗೆ ಬಿದ್ದು ದೋಣಿ ಏಳುವುದೇ ಇಲ್ಲ.

ಮೂಲ್ಕಿಯಿಂದ

ಲಾಕ್ ವಿಷಯ ನಾನು ಒಪ್ಪುವುದಿಲ್ಲ. ಅಳಿವೆ ದಾಟುವಾಗ ಲಾಕ್ ಇದ್ದು ದಿಬ್ಬಕ್ಕೆ ತಾಗಿದರೆ ಪಿನ್ನೂ ಪೆಟ್ಟಿಗೆಯೂ ಒಟ್ಟಿಗೆ ಹೋಗುತ್ತದೆ. ಬಿಟ್ಟಿದ್ದರೆ ಪ್ಲೇಟ್ ತಾನೇ ಮಡಚುತ್ತದೆ.

ತಣ್ಣೀರುಬಾವಿಯಿಂದ

ಅಳಿವೆ ದಾಟುವ ತನಕ ನೀವು ಹೇಳಿದ್ದೇ ಸರಿ. ನಾನು ಹೇಳಿದ್ದು ಹೊರಗೆ ನೀರು ಆಳ ಆದ ಮೇಲೆ.

ಕೇಳಿದವರು, ಉಡುಪಿಯಿಂದ

ಎಲ್ಲರಿಗೂ ಥ್ಯಾಂಕ್ಸ್. ಡ್ರಿಲ್ ಹಾಕಿ ನೋಡಿದೆ, ಸುರುಳಿ ಬಂತು, ಉಕ್ಕೇ. ಹಾಗಾದರೆ ಪ್ಲೇಟ್ ಬಿಸಾಡುವುದಿಲ್ಲ, ಬುಶ್ ಮಾಡಿಸುತ್ತೇನೆ. ವೈರ್ ಹೊರಗೆ ಚೆನ್ನಾಗಿ ಕಾಣುತ್ತದೆ. ಅದನ್ನೂ ಬದಲಿಸಬೇಕಾ?

ಬೈಕಂಪಾಡಿಯಿಂದ

ಹಳೇ ಕಾಟನ್ ಬಟ್ಟೆಯಲ್ಲಿ ಹಿಡಿದು ಉದ್ದಕ್ಕೂ ಎಳೆಯಿರಿ, ಬರಿ ಕೈಯಲ್ಲಿ ಬೇಡ. ನೂಲು ಎಲ್ಲಿ ಸಿಕ್ಕಿತೋ ಅಲ್ಲಿ ತಂತಿ ತುಂಡಾಗಿದೆ. ಜಾಸ್ತಿ ಪುಲ್ಲಿಯ ಮೇಲೆ ಬಾಗುವ ಜಾಗದಲ್ಲಿ, ಇಲ್ಲವೇ ಕೆಳಗೆ ಪ್ಲೇಟಿಗೆ ಕಟ್ಟಿದ ಕಡೆ. ಒಂದು ಎಳೆ ಸಿಕ್ಕಿದರೂ ಬದಲಿಸಿ. ವೈರ್ ತುಂಡಾದರೆ ಪ್ಲೇಟ್ ಒಮ್ಮೆಲೇ ಬಿದ್ದು ಈಗ ಮಾಡಿಸಿದ ಬುಶ್, ಪೆಟ್ಟಿಗೆ ಎಲ್ಲ ಹಾಳು. ತರುವಾಗ ಎಸ್‌ಎಸ್ 316, ಏಳು ಎಳೆಯದ್ದು, ಒಂದೊಂದು ಎಳೆಯಲ್ಲಿ 19 ತಂತಿ ಇರುವುದು ಅಂತ ಕೇಳಿ. ಅದು ಬಾಗುತ್ತದೆ. ಮಾಸ್ಟ್ ಕಟ್ಟುವ ಗಟ್ಟಿ ವೈರ್ ಕೊಟ್ಟರೆ ತೆಗೆದುಕೊಳ್ಳಬೇಡಿ, ಪುಲ್ಲಿಯಲ್ಲಿ ಬೇಗ ಹೋಗುತ್ತದೆ. ಹಳೇ ಪಿನ್ ಬರುವಾಗ ತನ್ನಿ, ಎಲ್ಲಿ ಸವೆದಿದೆ ನೋಡಿಯೇ ಹೊಸದರ ಅಳತೆ ಹೇಳುತ್ತೇನೆ.