ಸೈಕಿಟ್-ಲರ್ನ್‌ಗೆ ಮೊದಲ ಕೊಡುಗೆ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ನಾನು ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಪೈಥಾನ್ ಬರುತ್ತದೆ, ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಅಷ್ಟಿಷ್ಟು ಗೊತ್ತು. ದಿನವೂ ಬಳಸುವ, ಮಷೀನ್ ಲರ್ನಿಂಗ್‌ಗಾಗಿ ಇರುವ ಪೈಥಾನ್ ಲೈಬ್ರರಿ ಸೈಕಿಟ್-ಲರ್ನ್‌ಗೆ ಏನಾದರೂ ಕೊಡುಗೆ ನೀಡುವ ಆಸೆಯಿದೆ. ಆದರೆ ‘ಗುಡ್ ಫಸ್ಟ್ ಇಶ್ಯೂ’ (ಹೊಸಬರಿಗೆ ಹೊಂದುವ ಕೆಲಸ) ಎಂದು ಗುರುತಿಸಿದ ಕೆಲಸಗಳು ನಾನು ನೋಡುವಷ್ಟರಲ್ಲಿ ಬೇರೆಯವರ ಪಾಲಾಗಿರುತ್ತವೆ. ಚಾಟ್‌ಬಾಟ್‌ನಿಂದ ಕೋಡ್ ಬರೆಸಿ ಕಳುಹಿಸಿದರೆ ಒಪ್ಪುತ್ತಾರೆಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ಆ ಪಟ್ಟಿಯ ಹಿಂದೆ ಬೀಳುವುದನ್ನು ಬಿಟ್ಟು, ನೀವೇ ಬಳಸುವಾಗ ತೊಡಕಾದ ಜಾಗದಿಂದ ಆರಂಭಿಸಿ ಎಂಬುದು ನನ್ನ ಸಲಹೆ. 2007ರಲ್ಲಿ ಗೂಗಲ್ ಸಮರ್ ಆಫ್ ಕೋಡ್‌ನ ಯೋಜನೆಯಾಗಿ ಹುಟ್ಟಿ, 2010ರಲ್ಲಿ ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಸಂಶೋಧಕರ ಮೂಲಕ ಮೊದಲ ಸಾರ್ವಜನಿಕ ಆವೃತ್ತಿಯನ್ನು ಕಂಡ ಲೈಬ್ರರಿ ಇದು. ಇಷ್ಟು ವರ್ಷಗಳಲ್ಲಿ ಸುಲಭದ ಕೆಲಸಗಳು ಬಹುಮಟ್ಟಿಗೆ ಮುಗಿದಿವೆ. ಉಳಿದಿರುವುದು ಹೆಚ್ಚು ಜನ ಪರೀಕ್ಷಿಸಿ ನೋಡದ ಬಳಕೆಗಳು. ಅಂಥವು ಕನ್ನಡ ಪಠ್ಯದ ಮೇಲೆ ಕೆಲಸ ಮಾಡುವವರ ಕಣ್ಣಿಗೆ ಬಹಳ ಬೇಗ ಬೀಳುತ್ತವೆ.

ಒಂದು ಉದಾಹರಣೆ ಕೊಡುತ್ತೇನೆ. ಪಠ್ಯವನ್ನು ಪದಗಳಾಗಿ ಒಡೆದು ಎಣಿಸುವ ಕೌಂಟ್‌ವೆಕ್ಟರೈಸರ್‌ನ ಆಯ್ಕೆಗಳನ್ನು ಬದಲಿಸದೆ ‘ಕನ್ನಡ’ ಎಂಬ ಪದವನ್ನು ಕೊಟ್ಟು ನೋಡಿ: ‘ಕನ’ ಮತ್ತು ‘ನಡ’ ಎಂಬ ಎರಡು ಟೋಕನ್‌ಗಳು (ಪದವೆಂದು ಎಣಿಸುವ ತುಂಡುಗಳು) ಬರುತ್ತವೆ. ‘ಮನೆ’ ಎಂಬುದು ‘ಮನ’ ಆಗುತ್ತದೆ. ವಾಕ್ಯದಲ್ಲಿ ‘ನೀರು’ ಇದ್ದರೆ ಅದರ ಸುಳಿವೇ ಉಳಿಯುವುದಿಲ್ಲ. ಪಠ್ಯದಲ್ಲಿ ಮಾದರಿಗಳನ್ನು ಹುಡುಕಲು ಪೈಥಾನ್ ಜೊತೆಗೇ ಬರುವ ರೆಗ್ಯುಲರ್ ಎಕ್ಸ್‌ಪ್ರೆಶನ್ ವ್ಯವಸ್ಥೆಯು ನಮ್ಮ ಸ್ವರಚಿಹ್ನೆಗಳನ್ನೂ ಒತ್ತಕ್ಷರಕ್ಕೆ ಮೊದಲು ಬರುವ ಹಲಂತ ಚಿಹ್ನೆಯನ್ನೂ ಪದದ ಭಾಗವೆಂದು ಎಣಿಸದೆ ಅಲ್ಲಲ್ಲಿಯೇ ತುಂಡರಿಸುತ್ತದೆ. ಎರಡು ಅಕ್ಷರಕ್ಕಿಂತ ಚಿಕ್ಕದಾದ ತುಂಡನ್ನು ವೆಕ್ಟರೈಸರ್ ಕೈಬಿಡುತ್ತದೆ. ಎಲ್ಲೂ ಎರರ್ ಬರುವುದಿಲ್ಲ, ಮಾಡೆಲ್ ಟ್ರೈನ್ ಆಗಿಬಿಡುತ್ತದೆ, ಫಲಿತಾಂಶ ಮಾತ್ರ ಕಳಪೆಯಾಗಿರುತ್ತದೆ. ಕನ್ನಡದ ಸುದ್ದಿ ವರ್ಗೀಕರಣ ಮಾಡಹೊರಟ ಎಷ್ಟು ವಿದ್ಯಾರ್ಥಿಗಳು ಇದರ ಅರಿವಿಲ್ಲದೆ ಆಲ್ಗಾರಿದಮ್‌ನ ಮೇಲೆಯೇ ತಪ್ಪು ಹೊರಿಸುತ್ತಿರಬಹುದೆಂದು ನೆನೆದರೆ ನನಗೆ ಬೇಸರವಾಗುತ್ತದೆ.

ಇದನ್ನು ಕಂಡೊಡನೆ ಮೊದಲೇ ನಿಗದಿಯಾಗಿರುವ ಡಿಫಾಲ್ಟ್ ಆಯ್ಕೆಯನ್ನೇ ಬದಲಿಸಿಬಿಡೋಣ ಎನಿಸುವುದು ಸಹಜ. ಆದರೆ ಅದನ್ನು ಬದಲಿಸಿದರೆ ಈಗಾಗಲೇ ಅದನ್ನೇ ನೆಚ್ಚಿಕೊಂಡವರ ಫಲಿತಾಂಶಗಳು ಬದಲಾಗುತ್ತವೆ. ಆದ್ದರಿಂದ ಇಂಥ ಬದಲಾವಣೆಗಳಿಗೆ ಎರಡು ಆವೃತ್ತಿಗಳ ಕಾಲ ಎಚ್ಚರಿಕೆ ನೀಡುವ ಪದ್ಧತಿಯನ್ನು ಯೋಜನೆ ಪಾಲಿಸುತ್ತದೆ. ಚಿಹ್ನೆಗಳನ್ನು ಸರಿಯಾಗಿ ಎಣಿಸುವ ಬೇರೊಂದು ಪ್ಯಾಕೇಜ್ ಸೇರಿಸೋಣವೆಂದರೆ, ನಂಪೈ, ಸೈಪೈಗಳಂತಹ ಕೆಲವೇ ಅವಲಂಬನೆಗಳನ್ನು (ತಾನು ನೆಚ್ಚುವ ಇತರ ಪ್ಯಾಕೇಜ್‌ಗಳನ್ನು) ಇಟ್ಟುಕೊಂಡಿರುವ ಯೋಜನೆ ಅದಕ್ಕೆ ಸುಲಭವಾಗಿ ಒಪ್ಪಲಾರದು. ಹಾಗಾಗಿ ಮುಚ್ಚಿದ ಇಶ್ಯೂಗಳಲ್ಲಿ (ದೋಷ, ಸಲಹೆಗಳ ದಾಖಲೆಗಳಲ್ಲಿ) ಹಳೆಯ ಚರ್ಚೆ ಇದೆಯೇ ಎಂದು ಮೊದಲು ಹುಡುಕಿ. ಅನಂತರ, ಯೂನಿಕೋಡ್‌ನ ಕನ್ನಡ ವಿಭಾಗವನ್ನು ಪೂರ್ತಿಯಾಗಿ ಒಳಗೊಳ್ಳುವ ಟೋಕನ್ ಪ್ಯಾಟರ್ನ್ (ಪದವನ್ನು ಗುರುತಿಸುವ ಮಾದರಿ) ಅನ್ನು ಬಳಕೆದಾರರ ಕೈಪಿಡಿಯಲ್ಲಿ ಉದಾಹರಣೆಯಾಗಿ ಸೇರಿಸಬಹುದೇ ಎಂದು ಕೇಳಿ. ಇಶ್ಯೂ ಬರೆಯುವಾಗ ನೇರವಾಗಿ ಓಡಿಸಬಹುದಾದ ನಾಲ್ಕಾರು ಸಾಲಿನ ಕೋಡ್, ಬಂದ ಉತ್ತರ, ಬರಬೇಕಾಗಿದ್ದ ಉತ್ತರ ಮತ್ತು ‘ಶೋ ವರ್ಷನ್ಸ್’ ಫಂಕ್ಷನ್ ಕೊಡುವ ಆವೃತ್ತಿಗಳ ವಿವರ ಇರಲಿ. ಓದುವವರಿಗೆ ಕನ್ನಡ ಬಾರದಿರಬಹುದಾದ್ದರಿಂದ ಯಾವ ಚಿಹ್ನೆಯ ಬಳಿ ಪದ ತುಂಡಾಯಿತು ಎಂಬುದನ್ನು ಬಿಡಿಸಿ ಹೇಳಿ. ದಸ್ತಾವೇಜಿನ ಕೆಲಸ ಕೋಡ್‌ಗಿಂತ ಕೀಳೆಂದು ನಾನಂತೂ ಒಪ್ಪುವುದಿಲ್ಲ.

ಉತ್ತರ 2: ಬೇರೊಂದು ಮುಕ್ತ ಯೋಜನೆಯಲ್ಲಿ ರಿವ್ಯೂ ಮಾಡುವವಳಾಗಿ ಚಾಟ್‌ಬಾಟ್ ಪ್ರಶ್ನೆಗೆ ಉತ್ತರಿಸುತ್ತೇನೆ. ಪೂರ್ತಿಯಾಗಿ ಸ್ವಯಂಚಾಲಿತ ಉಪಕರಣಗಳಿಂದ ತಯಾರಾದ ಇಶ್ಯೂ ಅಥವಾ ಪುಲ್ ರಿಕ್ವೆಸ್ಟ್ (ನಿಮ್ಮ ಬದಲಾವಣೆಯನ್ನು ಸೇರಿಸಿಕೊಳ್ಳುವಂತೆ ಕೇಳುವ ಕೋರಿಕೆ) ಕಳುಹಿಸಬೇಡಿ ಎಂದು ಸೈಕಿಟ್-ಲರ್ನ್‌ನ ಮಾರ್ಗದರ್ಶಿಯೇ ಕೇಳಿಕೊಳ್ಳುತ್ತದೆ, ಮತ್ತು ಅದು ನ್ಯಾಯವಾದ ಕೋರಿಕೆ. ಅಲ್ಲಿ ಒಂದು ಬದಲಾವಣೆ ಮರ್ಜ್ ಆಗಲು, ಅಂದರೆ ಮೂಲ ಕೋಡ್‌ಗೆ ಸೇರಲು, ಸಾಮಾನ್ಯವಾಗಿ ಇಬ್ಬರು ಕೋರ್ ಡೆವಲಪರ್‌ಗಳ ಒಪ್ಪಿಗೆ ಬೇಕು. ‘ಈ ಸಾಲನ್ನು ಏಕೆ ಸೇರಿಸಿದಿರಿ’ ಎಂದು ಕೇಳಿದಾಗ ಕಳುಹಿಸಿದವರ ಬಳಿ ಉತ್ತರವಿಲ್ಲದಿದ್ದರೆ, ಅವರಿಬ್ಬರ ಸಮಯವೂ ವ್ಯರ್ಥವಾಗುತ್ತದೆ.

ಇನ್ನೊಂದು ದಾರಿಯೂ ಇದೆ. ಯಾರೋ ಆರಂಭಿಸಿ ಅರ್ಧಕ್ಕೆ ಬಿಟ್ಟ ಪುಲ್ ರಿಕ್ವೆಸ್ಟ್‌ಗಳಿಗೆ ‘ಸ್ಟಾಲ್ಡ್’ ಎಂಬ ಗುರುತು ಹಾಕಿರುತ್ತಾರೆ. ಹಿಂದೆ ಬಂದ ರಿವ್ಯೂ ಟಿಪ್ಪಣಿಗಳನ್ನೆಲ್ಲ ಓದಿ, ಮೊದಲು ಬರೆದವರ ಶ್ರಮವನ್ನು ಸ್ಮರಿಸಿ ಅಂಥದ್ದನ್ನು ಮುಂದುವರಿಸಿದರೆ, ಯಾವ ಬದಲಾವಣೆಯನ್ನು ಏಕೆ ಕೇಳಿದರೆಂಬುದು ಕಣ್ಣಮುಂದೆಯೇ ಇರುವುದರಿಂದ ಬಹಳಷ್ಟು ಕಲಿಯುತ್ತೀರಿ. ದೋಷ ಸರಿಪಡಿಸುವಾಗ ಅದಕ್ಕೊಂದು ಟೆಸ್ಟ್ ಬರೆಯಿರಿ. ಆ ಟೆಸ್ಟ್ ನಿಮ್ಮ ತಿದ್ದುಪಡಿ ಇಲ್ಲದಿದ್ದಾಗ ಫೇಲ್ ಆಗಬೇಕು, ಇದ್ದಾಗ ಪಾಸ್ ಆಗಬೇಕು. ಲೈಬ್ರರಿಯಲ್ಲಿ ಸೈಥಾನ್ (ಕಂಪೈಲ್ ಮಾಡಬೇಕಾದ, ಪೈಥಾನ್‌ನಂಥದೇ ಭಾಷೆ) ಭಾಗಗಳಿರುವುದರಿಂದ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕಂಪೈಲರ್ ಇರಬೇಕು. ಮೊದಲ ಬಿಲ್ಡ್‌ಗೆ ಒಂದು ಸಂಜೆಯನ್ನು ಮೀಸಲಿಡಿ. ಬಳಿಕ ಎಲ್ಲ ಟೆಸ್ಟ್‌ಗಳನ್ನೂ ಓಡಿಸದೆ, ನೀವು ಮುಟ್ಟಿದ ಮಾಡ್ಯೂಲ್‌ನವನ್ನು ಮಾತ್ರ ಟೆಸ್ಟ್ ಓಡಿಸುವ ಉಪಕರಣವಾದ ಪೈಟೆಸ್ಟ್‌ನಿಂದ ಓಡಿಸಿದರೆ ಸಾಕು.

ಉತ್ತರ 3: ಮೇಲಿನ ಇಬ್ಬರೂ ಮುಖ್ಯವಾದುದನ್ನು ಹೇಳಿದ್ದಾರೆ. ಮುಂದಿನ ವರ್ಷ ನಿಮಗೆ ಕ್ಯಾಂಪಸ್ ಆಯ್ಕೆ ಇರುವುದರಿಂದ ಇಷ್ಟನ್ನು ಸೇರಿಸುತ್ತೇನೆ: ಕೆಲಸಕ್ಕೆ ಸೇರುವಾಗ ಸಹಿ ಹಾಕುವ ಕರಾರಿನಲ್ಲಿ, ಬಿಡುವಿನ ವೇಳೆಯಲ್ಲಿ ಬರೆದ ಕೋಡ್‌ನ ಹಕ್ಕೂ ಕಂಪನಿಗೆ ಸೇರುತ್ತದೆ ಎಂಬ ಷರತ್ತು ಇರಬಹುದು. ಮುಕ್ತ ಯೋಜನೆಗಳಿಗೆ ಕೊಡುಗೆ ಮುಂದುವರಿಸಲು ಅನುಮತಿಯನ್ನು ಸೇರುವ ಮೊದಲೇ ಕೇಳಿ, ಲಿಖಿತವಾಗಿ ಪಡೆದುಕೊಳ್ಳಿ. ಪೈಟಾರ್ಚ್‌ನಂತಹ ಯೋಜನೆಗಳು ಕೊಡುಗೆದಾರರಿಂದ ಪ್ರತ್ಯೇಕ ಒಪ್ಪಂದಕ್ಕೆ ಸಹಿ ಕೇಳುತ್ತವೆ. ಆಗ ಕಂಪನಿಯ ಈ ಅನುಮತಿ ಪತ್ರ ನಿಮ್ಮ ಬಳಿ ಇರಬೇಕಾಗುತ್ತದೆ.