ಪ್ರತಿಧ್ವನಿಯಿಂದ ದಾರಿ ಕಾಣುವ ಡಾಲ್ಫಿನ್‌ಗಳು ಬಲೆಗೆ ಬೀಳುವುದೇಕೆ?

ಪ್ರಶ್ನೆ – ನೀರಲೆ
ಡಾಲ್ಫಿನ್‌ಗಳು ತಾವು ಹೊರಡಿಸಿದ ಸದ್ದಿನ ಪ್ರತಿಧ್ವನಿಯನ್ನು ಆಲಿಸಿ, ಕತ್ತಲ ನೀರಿನಲ್ಲಿಯೂ ಸಣ್ಣ ಮೀನನ್ನು ಪತ್ತೆ ಹಚ್ಚಬಲ್ಲವು. ಹಾಗಿದ್ದೂ ಅವು ಮೀನುಗಾರಿಕೆಯ ಬಲೆಗಳಲ್ಲಿ ಸಿಲುಕಿ ಸಾಯುವುದೇಕೆ? ಟ್ಯೂನಾ ಡಬ್ಬಿಗಳ ಮೇಲೆ ‘ಡಾಲ್ಫಿನ್ ಸುರಕ್ಷಿತ’ ಎಂಬ ಮುದ್ರೆ ಇರುವುದರಿಂದ ಈ ಸಮಸ್ಯೆ ಬಹುಮಟ್ಟಿಗೆ ಬಗೆಹರಿದಿದೆ ಎಂದು ತಿಳಿಯಬಹುದೇ?

ಉತ್ತರ – ಕಡಲಂಚು
ಮೀನನ್ನು ಕಿವಿರಿನ ಬಳಿ ಸಿಲುಕಿಸುವ ಗಿಲ್‌ನೆಟ್‌ಗಳೇ ಇಲ್ಲಿ ಅತಿ ದೊಡ್ಡ ಅಪಾಯ. ಅವುಗಳ ತೆಳುವಾದ ನೈಲಾನ್ ಎಳೆಗಳು ಬಹಳ ಕ್ಷೀಣವಾದ ಪ್ರತಿಧ್ವನಿಯನ್ನಷ್ಟೇ ನೀಡುತ್ತವೆ; ಜೊತೆಗೆ ಡಾಲ್ಫಿನ್‌ಗಳು ಎಲ್ಲ ಹೊತ್ತಿನಲ್ಲಿಯೂ ಈ ಸದ್ದನ್ನು ಹೊರಡಿಸುತ್ತಿರುವುದಿಲ್ಲ, ಹೊರಡಿಸಿದರೂ ಅವುಗಳ ಗಮನ ಬೇಟೆಯ ಮೇಲಿರುತ್ತದೆ. ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿಯಾದ್ದರಿಂದ, ಸಿಲುಕಿದ ಡಾಲ್ಫಿನ್ ಮೇಲ್ಮೈಗೆ ಬರಲಾಗದೆ ಉಸಿರುಗಟ್ಟಿ ಸಾಯುತ್ತದೆ. ಹೆಣ್ಣು ಸಾಮಾನ್ಯವಾಗಿ ಕೆಲವು ವರ್ಷಗಳಿಗೊಮ್ಮೆ ಒಂದೇ ಮರಿಗೆ ಜನ್ಮ ನೀಡುವುದರಿಂದ, ಸಣ್ಣ ಗುಂಪೊಂದು ವರ್ಷಕ್ಕೆ ಬೆರಳೆಣಿಕೆಯ ಸಾವುಗಳನ್ನೂ ತಾಳಲಾರದು.

ಡಾಲ್ಫಿನ್‌ಗಳ ಹತ್ತಿರದ ಬಂಧುವಾದ ವಾಕೀಟಾದ ಸ್ಥಿತಿಯನ್ನೇ ನೋಡಿ. ಮೆಕ್ಸಿಕೋದ ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ಮಾತ್ರ ಬದುಕುವ ಈ ಪ್ರಾಣಿಯನ್ನು ಬೇಕೆಂದು ಹಿಡಿಯುವವರು ಯಾರೂ ಇಲ್ಲ. ಟೊಟುವಾಬಾ ಎಂಬ ಮೀನಿನ ಗಾಳಿಚೀಲಕ್ಕೆ ಸಿಗುವ ಭಾರಿ ಬೆಲೆಗಾಗಿ ಕಾನೂನುಬಾಹಿರವಾಗಿ ಬಿಡುವ ಬಲೆಗಳೂ ಸೇರಿದಂತೆ ಗಿಲ್‌ನೆಟ್‌ಗಳಲ್ಲಿ ಸಿಲುಕಿಯೇ, 1997ರಲ್ಲಿ ಸುಮಾರು 570 ಎಂದು ಅಂದಾಜಿಸಲಾಗಿದ್ದ ವಾಕೀಟಾಗಳು ಈಗ ಹತ್ತರ ಆಸುಪಾಸಿಗೆ ಇಳಿದಿವೆ.

ಉತ್ತರ – ತೀರವಾಸಿ
ಮುದ್ರೆಯ ಬಗ್ಗೆ ಹೇಳುವುದಾದರೆ, ಅದರ ಹಿನ್ನೆಲೆ ಬೇರೆ. ಪೂರ್ವ ಪೆಸಿಫಿಕ್‌ನ ಉಷ್ಣವಲಯದಲ್ಲಿ ಹಳದಿ ರೆಕ್ಕೆಯ ಟ್ಯೂನಾ ಮೀನುಗಳು ಡಾಲ್ಫಿನ್ ಹಿಂಡುಗಳ ಕೆಳಗೆ ಈಜುತ್ತವೆ. 1950ರ ದಶಕದ ಕೊನೆಯಿಂದ ಹಡಗುಗಳು ಈ ಹಿಂಡುಗಳನ್ನೇ ಬೆನ್ನಟ್ಟಿ ತಳವನ್ನು ಚೀಲದ ಬಾಯಿಯಂತೆ ಬಿಗಿಯುವ ಪರ್ಸೀನ್ ಬಲೆಯಿಂದ ಸುತ್ತುವರಿಯತೊಡಗಿದ್ದರಿಂದ ಲಕ್ಷಾಂತರ ಡಾಲ್ಫಿನ್‌ಗಳು ಸತ್ತವು. ಅಮೆರಿಕದ 1972ರ ಸಾಗರ ಸಸ್ತನಿ ಸಂರಕ್ಷಣಾ ಕಾಯ್ದೆ, ಹಡಗನ್ನು ಹಿಂದಕ್ಕೆ ನಡೆಸಿ ಬಲೆಯ ಅಂಚನ್ನು ಮುಳುಗಿಸುತ್ತ ಡಾಲ್ಫಿನ್‌ಗಳನ್ನು ಹೊರಬಿಡುವ ಕ್ರಮ, ದೊಡ್ಡ ಹಡಗುಗಳಲ್ಲಿ ವೀಕ್ಷಕರನ್ನು ಕಡ್ಡಾಯಗೊಳಿಸಿದ ಅಂತರರಾಷ್ಟ್ರೀಯ ಒಪ್ಪಂದ, ಇವೆಲ್ಲದರಿಂದ ಅಲ್ಲಿ ದಾಖಲಾಗುವ ಸಾವುಗಳು ವರ್ಷಕ್ಕೆ ಸಾವಿರದ ಸುತ್ತಮುತ್ತಲಿಗೆ ಅಥವಾ ಅದಕ್ಕಿಂತಲೂ ಕೆಳಗೆ ಇಳಿದವು. ಇದು ನಿಜವಾದ ಸಾಧನೆ. ಆದರೆ ಅದೇ ಮುದ್ರೆ ಬೇರೆ ಸಮುದ್ರಗಳಲ್ಲಿ ಬೇರೆ ಮೀನಿಗಾಗಿ ಬಿಟ್ಟ ಗಿಲ್‌ನೆಟ್‌ಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಕೊಳ್ಳುವವರು ಅದನ್ನು ಇಡೀ ಸಮುದ್ರಕ್ಕೆ ದೊರೆತ ಪ್ರಮಾಣಪತ್ರವೆಂದು ಓದಿಕೊಳ್ಳುತ್ತಿದ್ದಾರೆ ಎಂಬುದೇ ನನ್ನ ತಕರಾರು.

ಮರುಪ್ರಶ್ನೆ – ನೀರಲೆ
ಹಾಗಾದರೆ ಬಲೆಗೆ ಸದ್ದು ಮಾಡುವ ಸಾಧನವನ್ನು ಕಟ್ಟಿ ಅವುಗಳನ್ನು ಎಚ್ಚರಿಸಬಹುದಲ್ಲವೇ?

ಉತ್ತರ – ಕಡಲಂಚು
ಪಿಂಗರ್ ಎಂಬ ಆ ಸಾಧನದಿಂದ ಡಾಲ್ಫಿನ್‌ಗಳ ಬಂಧುಗಳಾದ ಹಾರ್ಬರ್ ಪಾರ್ಪಸ್‌ಗಳ ಸಾವು ಗಣನೀಯವಾಗಿ ತಗ್ಗಿದೆ. ಆದರೆ ಎಲ್ಲ ಪ್ರಭೇದಗಳಲ್ಲಿಯೂ ಅದು ಒಂದೇ ರೀತಿ ಫಲಿಸಿಲ್ಲ. ಬಲೆಯಿಂದಲೇ ಮೀನು ಕದಿಯಲು ಕಲಿತ ಬಾಟಲ್‌ನೋಸ್ ಡಾಲ್ಫಿನ್‌ಗಳಿಗೆ ಆ ಸದ್ದು ಊಟದ ಗಂಟೆಯಾಗುವ ಸಾಧ್ಯತೆಯೂ ಇದೆ. ಹೆಚ್ಚು ಖಚಿತವಾದ ದಾರಿಯೆಂದರೆ ಬಲೆಯನ್ನು ಬದಲಿಸುವುದು ಅಥವಾ ನಿರ್ದಿಷ್ಟ ಪ್ರದೇಶದಲ್ಲಿ, ನಿರ್ದಿಷ್ಟ ಕಾಲದಲ್ಲಿ ಬಲೆ ಬಿಡದಿರುವುದು. ಬಿಸ್ಕೇ ಕೊಲ್ಲಿಯಲ್ಲಿ ಫ್ರಾನ್ಸ್ 2024ರ ಜನವರಿ 22ರಿಂದ ಸುಮಾರು ಒಂದು ತಿಂಗಳು, ಎಂಟು ಮೀಟರಿಗಿಂತ ಉದ್ದದ ದೋಣಿಗಳ ಪೈಕಿ ಅಪಾಯಕಾರಿ ಬಲೆ ಬಳಸುವವುಗಳನ್ನು ತಡೆಹಿಡಿದು, ಮೀನುಗಾರರಿಗೆ ಪರಿಹಾರಧನವನ್ನೂ ಒದಗಿಸಿತು. ಪರಿಹಾರವಿಲ್ಲದ ನಿಷೇಧವನ್ನು ಮೀನುಗಾರರು ಪಾಲಿಸಬೇಕೆಂದು ನಿರೀಕ್ಷಿಸುವುದು ನ್ಯಾಯವೂ ಅಲ್ಲ, ಕಾರ್ಯಸಾಧುವೂ ಅಲ್ಲ.

ಉತ್ತರ – ತೀರವಾಸಿ
ಒಂದು ಮಾತು ಸೇರಿಸುತ್ತೇನೆ. ದೊಡ್ಡ ಟ್ಯೂನಾ ಹಡಗಿನಲ್ಲಿ ವೀಕ್ಷಕರೊಬ್ಬರಿಗೆ ಸ್ಥಳವಿರುತ್ತದೆ. ಗಿಲ್‌ನೆಟ್ ಬಿಡುವ ಅಸಂಖ್ಯಾತ ಸಣ್ಣ ದೋಣಿಗಳಲ್ಲಿ ಇರುವುದಿಲ್ಲ. ಆದ್ದರಿಂದ ಅಲ್ಲಿನ ಸಾವುಗಳಲ್ಲಿ ಬಹುಪಾಲು ಯಾವ ದಾಖಲೆಗೂ ಸೇರುವುದಿಲ್ಲ. ದೋಣಿಗಳಿಗೆ ಸಣ್ಣ ಕ್ಯಾಮೆರಾ ಅಳವಡಿಸುವ ಪ್ರಯತ್ನಗಳು ಕೆಲವು ದೇಶಗಳಲ್ಲಿ ಆರಂಭವಾಗಿರುವುದು ಈ ಕಾರಣಕ್ಕಾಗಿಯೇ.